ಆಚೆ ದಡದ ಅರವತ್ತೆರಡು ಎಕರೆ

ವರ್ಡೀ ಪಿಕೆಟ್‌ಳ ಅಪ್ಪನ ಹೊಲವನ್ನು ಬ್ರಾಜೋಸ್ ಹೊಳೆ ಇಪ್ಪತ್ತು ವರ್ಷ ಕೂತು ಚೂರುಚೂರಾಗಿ ತಿಂದು ಮುಗಿಸಿತು ಎಂದು ಕೋರ್ಟಿನ ಕಾಗದದಲ್ಲಿ ಬರೆದಿದೆ. ಓದಿದವರು ನಂಬುತ್ತಾರೆ. ಆದರೆ ವರ್ಡೀ ಅದನ್ನು ಕಣ್ಣಾರೆ ಕಂಡವಳು. ಹೊಳೆಗೆ ಬೇಕಾದದ್ದು ಒಂದೇ ಒಂದು ಮಧ್ಯಾಹ್ನ.

ಟೆಕ್ಸಸ್ಸಿನ ಆ ಬಯಲಿಗೆ ಬರುವ ಹೊತ್ತಿಗೆ, ಸಮುದ್ರ ಇನ್ನೇನು ನಲವತ್ತು ಮೈಲಿ ಇರುವಾಗ, ಬ್ರಾಜೋಸ್‌ಗೆ ಅವಸರವೇ ಇರುವುದಿಲ್ಲ. ಹಾವಿನ ಹಾಗೆ ಸುತ್ತಿಕೊಂಡು ಹರಿಯುತ್ತದೆ. ಅಂಥ ಒಂದು ಸುತ್ತಿನ ಒಳಗೆ ನಾಲಗೆಯಂತೆ ಚಾಚಿಕೊಂಡಿದ್ದ ಅರವತ್ತೆರಡು ಎಕರೆ ಗಿಡಿಯನ್ ಪಿಕೆಟ್‌ನದು. ಮೂರು ಕಡೆ ಹೊಳೆ. ಪಡುವಲಲ್ಲಿ ಮಾತ್ರ ಎರಡು ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲದ ನೆಲ, ಊರಿಗೆ ಅದೇ ದಾರಿ. ಊರೆಂದರೆ ಮರ್ಸಿ ಬೆಂಡ್. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಕರಿಯರ ಮೂವತ್ತು ಮನೆ, ಒಂದು ಚರ್ಚು. ನೆರೆ ಬರುವ ನೆಲ ಬಿಳಿಯರಿಗೆ ಬೇಡವಾಗಿತ್ತು, ಹಾಗಾಗಿ ಇವರಿಗೆ ಸಿಕ್ಕಿತ್ತು.

ಗಿಡಿಯನ್‌ನ ಮನೆಯ ಮುಂದೆ ಒಂದು ಕಾಟನ್‌ವುಡ್ ಮರ. ಮೂರು ಜನ ಕೈ ಕೈ ಹಿಡಿದರೆ ಸುತ್ತು ಮುಟ್ಟುವಂಥದ್ದು. ಚಳಿಗಾಲಕ್ಕೆ ಹಂದಿ ಕೊಯ್ದಾಗ ನೇತುಹಾಕಲು ಅವನು ಅದರ ಕಾಂಡಕ್ಕೆ ತನ್ನ ತಲೆಗಿಂತ ಒಂದು ಮೊಳ ಎತ್ತರದಲ್ಲಿ ದಪ್ಪ ಕಬ್ಬಿಣದ ಕೊಂಡಿಯೊಂದನ್ನು ಬಡಿದಿದ್ದ.

ಸಾವಿರದ ಒಂಬೈನೂರ ಹದಿಮೂರರ ಡಿಸೆಂಬರ್. ಮೇಲಿನ ಸೀಮೆಯಲ್ಲಿ ವಾರವಿಡೀ ಮಳೆ. ಬೆಳಿಗ್ಗೆ ಹೊಲದಂಚಿನಲ್ಲಿದ್ದ ಕೆಂಪು ನೀರು ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯ ಮೆಟ್ಟಿಲು ಹತ್ತಿತು. ಗಿಡಿಯನ್ ದೋಣಿ ತಂದು ಹನ್ನೆರಡು ವರ್ಷದ ವರ್ಡೀಯನ್ನೂ ಎಂಟು ವರ್ಷದ ರ್‍ಯಾನ್ಸಮ್‌ನನ್ನೂ ಕೂರಿಸಿದ. ಜಮೀನಿನ ಕಾಗದವಿದ್ದ ತಗಡಿನ ಡಬ್ಬಿಯನ್ನು ವರ್ಡೀಯ ಮಡಿಲಿಗೆ ಹಾಕಿದ. ಅವರಮ್ಮ ಕೋರಾ ಒಂದು ಕಾಲು ದೋಣಿಯೊಳಗಿಟ್ಟವಳು ಕೊಟ್ಟಿಗೆಯಲ್ಲಿ ಹೇಸರಗತ್ತೆ ಒರಲಿದ್ದು ಕೇಳಿ ಕಾಲು ಹಿಂದೆ ತೆಗೆದಳು.

"ಕಟ್ಟಿದ ಹಗ್ಗದಲ್ಲೇ ಇದೆ ಅದು. ಬಿಚ್ಚಿ ಬಂದ್ಬಿಡ್ತೀನಿ."

"ಬಾರೇ ಸಾಕು! ಕತ್ತೆ ಹೋದ್ರೆ ಹೋಯ್ತು!" ಎಂದು ಗಿಡಿಯನ್ ಕೂಗಿದ.

"ಉಳೋಕೆ ನಿನ್ನನ್ನ ಕಟ್ಲಾ?" ಎಂದು ನಗುತ್ತಲೇ ಅವಳು ಮೊಣಕಾಲುದ್ದ ನೀರಿನಲ್ಲಿ ಕೊಟ್ಟಿಗೆಯ ಮಗ್ಗುಲಿಗೆ ಹೋದಳು.

ಆಗ ಪಡುವಲಿನಿಂದ ದೊಡ್ಡ ಗೋಣಿಬಟ್ಟೆ ಹರಿದ ಹಾಗೆ ಸದ್ದು ಬಂತು. ಸುತ್ತಿ ಬಳಸಿ ಹೋಗುತ್ತಿದ್ದ ಹೊಳೆ, ಊರಿನ ದಾರಿಯಾಗಿದ್ದ ಆ ಕತ್ತನ್ನೇ ಕಡಿದುಕೊಂಡು ನೇರಕ್ಕೆ ನುಗ್ಗಿತ್ತು. ದೋಣಿಯನ್ನು ಯಾರೋ ಒದ್ದಂತಾಯಿತು. ಮನೆ ಒಂದು ಸುತ್ತು ತಿರುಗಿ, ಅದರ ಹಿಂದೆಯೇ ಕೊಟ್ಟಿಗೆ ಕುಸಿದು, ಎರಡೂ ಒಂದರೊಳಗೊಂದು ಸಿಕ್ಕಿಕೊಂಡು ಹೋದವು. ದೋಣಿ ಪಡುವಣ ದಡದ ಮರಗಳ ನಡುವೆ ಸಿಕ್ಕಿ ನಿಂತಿತು. ರ್‍ಯಾನ್ಸಮ್ ಅಕ್ಕನ ಸೊಂಟವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅವನ ಉಗುರಿನ ಗುರುತು ಅವಳ ಮೈಮೇಲೆ ವಾರವಾದರೂ ಹೋಗಲಿಲ್ಲ. ತಿರುಗಿ ನೋಡಿದರೆ ಆಚೆ ಕಡೆ ನೀರಿನ ಮೇಲೆ ನಿಂತಿದ್ದದ್ದು ಆ ಕಾಟನ್‌ವುಡ್ ಒಂದೇ.

ಕೋರಾಳ ಹೆಣ ಸಿಗಲಿಲ್ಲ.

ನೆರೆ ಇಳಿದ ಮೇಲೆ ಹೊಳೆ ಹೊಸ ದಾರಿಯಲ್ಲೇ ಉಳಿಯಿತು. ಪಿಕೆಟ್ ನೆಲ ಈಗ ಆಚೆ ದಡಕ್ಕೆ, ಮೂಡಲಿಗೆ ಸೇರಿಹೋಗಿತ್ತು. ನೆಲದ ಮೇಲೆ ಆಳೆತ್ತರದ ಮರಳು. ಗಿಡಿಯನ್ ವಸಂತವೆಲ್ಲ ದೋಣಿಯಲ್ಲಿ ದಾಟಿ ಹೋಗಿ, ಉದ್ದನೆಯ ಕೋಲಿನಿಂದ ಮರಳನ್ನು ಚುಚ್ಚಿ ಚುಚ್ಚಿ ಹೆಂಡತಿಯನ್ನು ಹುಡುಕಿದ. ಮೇ ತಿಂಗಳಲ್ಲಿ ಕಾಟನ್‌ವುಡ್‌ನ ಬೀಜ ಹತ್ತಿಯಂತೆ ಹಾರಿ ಬಂದು ಆ ಒದ್ದೆ ಮರಳಿಗೆ ಅಂಟಿಕೊಂಡಿತು, ಜೊತೆಗೆ ಬಳುಕುವ ಕಡ್ಡಿಯ ವಿಲೋ ಗಿಡದ ಬೀಜವೂ. ಜೂನ್‌ನಲ್ಲಿ ಇಡೀ ಹೊಲ ಹಸಿರು ತುಪ್ಪಳದ ಹಾಗೆ. ನಾಲ್ಕು ವರ್ಷಕ್ಕೆ ಒಳಗೆ ನುಗ್ಗಲಾಗದಂಥ ಕಾಡು. ಆ ಹೊತ್ತಿಗೆ ಗಿಡಿಯನ್ ಬೇರೆಯವರ ಹತ್ತಿ ಹೊಲದಲ್ಲಿ ಕೂಲಿ ಮಾಡಿ, ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ.

ಮೂಡಲ ದಡದ ಜಮೀನುದಾರ ಕ್ಲಾಡ್ ಸ್ಟ್ರೋಥರ್. ಹಳೆಯ ಹೊಳೆಯ ಪಾತ್ರ ಹೂತುಹೋಗಿ ವಿಲೋ ತುಂಬಿ ಅವನ ಹೊಲವೂ ಈ ಕಾಡೂ ಒಂದಾದ ಮೇಲೆ, ಒಂದು ದಿನ ಅವನ ಆಳುಗಳು ಬಂದು ಹೊಸ ಹೊಳೆಯ ಅಂಚಿನವರೆಗೂ ಮುಳ್ಳುತಂತಿ ಎಳೆದರು. ಯಾರೂ ಕೇಳಲಿಲ್ಲ. ಕೇಳುವವನು ಮಣ್ಣಾಗಿದ್ದ.

ವರ್ಡೀ ಬೆಳೆದಳು, ಮದುವೆಯಾದಳು. ಗಂಡ ರೈಲ್ವೆ ಕೆಲಸವೆಂದು ಕ್ಯಾಲಿಫೋರ್ನಿಯಾಕ್ಕೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಮಕ್ಕಳಿರಲಿಲ್ಲ. ಚರ್ಚಿನ ಜಿಲ್ಫಾ ಅಜ್ಜಿಯಿಂದ ವಿಲೋ ಕುರ್ಚಿ ಮಾಡುವುದು ಕಲಿತಿದ್ದಳು, ಅದೇ ಅವಳ ಅನ್ನವಾಯಿತು. ಹೆಬ್ಬೆರಳು ಗಾತ್ರದ ಹಸಿ ಕಡ್ಡಿಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿ, ಬೆನ್ನು, ತೋಳು, ಕಾಲು ಕೂಡಿಸಿ ಮೊಳೆ ಹೊಡೆಯಬೇಕು. ಕಡಿದ ಎರಡು ದಿನದೊಳಗೆ ಬಗ್ಗಿಸದಿದ್ದರೆ ಕಡ್ಡಿ ಮುರಿಯುತ್ತದೆ. ಒಳ್ಳೆಯ ಕಡ್ಡಿ ಸಿಗುತ್ತಿದ್ದದ್ದು ಹೊಸ ಮರಳು ಬೀಳುವ ಕಡೆ, ಆಚೆ ದಡದಲ್ಲಿ. ಅವಳು ಅಪ್ಪನ ದೋಣಿಯಲ್ಲಿ ದಾಟಿ, ತಂತಿಯ ಕೆಳಗೆ ನುಸುಳಿ ಕಡಿದು ತರುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಸ್ಟ್ರೋಥರ್ ಅವಳನ್ನು ಹಿಡಿದ. ಕುದುರೆಯ ಮೇಲೆ ಕೂತಿದ್ದ. ಜೀನಿನ ಪಕ್ಕ ಬಂದೂಕು.

"ಯಾರು ನೀನು? ಗಿಡಿಯನ್ ಮಗಳಲ್ವಾ?"

"ಹೌದು ಸಾಹೇಬ್ರೆ."

"ನನ್ನ ವಿಲೋ ಕಡೀತಾ ಇದ್ದೀಯ."

ನಮ್ಮಪ್ಪನ ಹೊಲದ್ದು ಎನ್ನುವ ಮಾತು ಗಂಟಲವರೆಗೆ ಬಂತು. ಬಂದೂಕನ್ನು ನೋಡಿ ಅಲ್ಲೇ ಕೂತಿತು.

ಸ್ಟ್ರೋಥರ್ ನಕ್ಕ. "ಹೆದರ್ಬೇಡ. ಕಡ್ಕೊ, ಬೇಕಾದಷ್ಟು ಕಡ್ಕೊ. ನನ್ನ ದನಕ್ಕೆ ಅಡ್ಡ ಅಷ್ಟೇ ಅದು. ಕ್ರಿಸ್‌ಮಸ್‌ಗೆ ನನ್ನ ಹೆಂಡ್ತಿಗೆ ಎರಡು ಕುರ್ಚಿ ಮಾಡಿ ತಂದ್ಕೊಡು, ಆಯ್ತಾ?"

"ಆಯ್ತು ಸಾಹೇಬ್ರೆ."

ಹದಿನೇಳು ವರ್ಷ ಕೊಟ್ಟಳು. ಒಂದು ವರ್ಷವೂ ತಪ್ಪಿಸಲಿಲ್ಲ. ಜ್ವರ ಬಂದ ವರ್ಷ ಕೂಡ ಹಾಸಿಗೆಯಲ್ಲಿ ಕೂತು ಬಗ್ಗಿಸಿದಳು. ಬೆಕ್ಕಿನ ಕಣ್ಣು ತಪ್ಪಿಸಿ ಇಲಿ ಬದುಕುವ ಹಾಗೆ ಬದುಕುತ್ತಿದ್ದೇನೆ, ಸದ್ಯ ಕಡ್ಡಿಯಾದರೂ ಸಿಗುತ್ತಿದೆಯಲ್ಲ ಎಂದುಕೊಂಡಳು.

ರ್‍ಯಾನ್ಸಮ್ ಅಷ್ಟರಲ್ಲಿ ಸ್ಟ್ರೋಥರ್‌ನ ಹೊಲದಲ್ಲೇ, ಅವನೇ ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಹೆಂಡತಿ, ಐದು ಮಕ್ಕಳ ಜೊತೆ ಇದ್ದ. ಕೈ ಬಲವಾದವನು, ಮಾತು ಕಡಿಮೆ. ನಲವತ್ತೆಂಟರಲ್ಲಿ ಹಣ್ಣಿನ ಪೆಟ್ಟಿಗೆ ಮಾಡುವ ಮಿಲ್ಲಿನವರು ಬಂದು ಆ ಕಾಟನ್‌ವುಡ್ ಕಾಡನ್ನು ನೋಡಿ ಸ್ಟ್ರೋಥರ್‌ನ ಜೊತೆ ಮಾತಾಡಿದರು. ಮೂವತ್ತನಾಲ್ಕು ವರ್ಷದ ಮರಗಳು, ಎಲ್ಲ ಒಂದೇ ವಯಸ್ಸು, ಒಂದೇ ಗಾತ್ರ, ಬಾಣದಂತೆ ನೆಟ್ಟಗೆ. ಕಡಿಯುವ ತಂಡಕ್ಕೆ ರ್‍ಯಾನ್ಸಮ್ ಮೇಸ್ತ್ರಿಯಾದ.

ಅದೇ ಚಳಿಗಾಲ ಚರ್ಚಿನಲ್ಲಿ ವೋಟಿನ ವಿಷಯ ಮಾತಾಡಲು ಹ್ಯೂಸ್ಟನ್ನಿನಿಂದ ಥೆಡ್‌ಫೋರ್ಡ್ ಎಂಬ ಕರಿಯ ವಕೀಲ ಬಂದ. ಇನ್ನೂ ಮೂವತ್ತು ದಾಟದವನು, ಹೊಳೆಯುವ ಬೂಟು. ಸಭೆ ಮುಗಿದ ಮೇಲೆ ವರ್ಡೀ ತಗಡಿನ ಡಬ್ಬಿಯನ್ನು ಅವನ ಮುಂದಿಟ್ಟಳು. ಅವನು ಕಾಗದವನ್ನು ಎರಡು ಸಲ ಓದಿದ.

"ಮಿಸ್ ಪಿಕೆಟ್, ನೀವು ಇಷ್ಟು ವರ್ಷ ಇದನ್ನ ಯಾರಿಗೂ ತೋರಿಸ್ಲಿಲ್ವಾ?"

ಯಾರಾದರೂ ಅವಳನ್ನು ಹಾಗೆ ಮಿಸ್ ಎಂದು, ನೀವು ಎಂದು ಕರೆದದ್ದು, ಚರ್ಚಿನವರನ್ನು ಬಿಟ್ಟರೆ, ಅದೇ ಮೊದಲು. "ಯಾರಿಗೆ ತೋರಿಸ್ಲಪ್ಪ? ಸ್ಟ್ರೋಥರ್‌ಗಾ?"

ಅವನು ಕಾನೂನನ್ನು ಬಿಡಿಸಿ ಹೇಳಿದ. ಹೊಳೆ ನಿಧಾನವಾಗಿ ಒಂದು ದಡ ಕೊರೆದು ಇನ್ನೊಂದು ದಡಕ್ಕೆ ಮಣ್ಣು ಹಾಕುತ್ತ ಹೋದರೆ, ಆ ಮಣ್ಣು ಬಿದ್ದ ದಡದವನದು. ಆದರೆ ಹೊಳೆ ಒಮ್ಮೆಲೇ ಹಾರಿ ಬೇರೆ ದಾರಿ ಹಿಡಿದರೆ, ನೆಲ ಯಾವ ಕಡೆ ಉಳಿದರೂ ಮೊದಲಿದ್ದವರದ್ದೇ.

"ಒಮ್ಮೆಲೇ ಹಾರ್ತು. ನಾನು ನೋಡ್ದೆ. ನಮ್ಮಮ್ಮ ಅದರಲ್ಲಿ ಹೋದ್ಲು."

"ನೀವು ನೋಡಿದ್ದು ಸಾಲಲ್ಲ. ಸ್ಟ್ರೋಥರ್ ಆ ಮರಗಳನ್ನ ತೋರಿಸ್ತಾರೆ. 'ನೋಡಿ, ಎಲ್ಲಾ ಎಳೇ ಮರ, ಇದು ಹೊಸ ಮಣ್ಣು' ಅಂತಾರೆ. ಅದಕ್ಕಿಂತ ಹಳೇದು ಏನಾದ್ರೂ ಆ ನೆಲದ ಮೇಲೆ ಇದ್ಯಾ?"

ವರ್ಡೀ ಮರುದಿನವೇ ಅವನನ್ನು ದೋಣಿಯಲ್ಲಿ ದಾಟಿಸಿದಳು. ಹೊಳೆಯುವ ಬೂಟು ಕೆಸರಾಯಿತು. ಕಾಡಿನ ನಡುವೆ, ಎಳೆಯರ ಗುಂಪಿನಲ್ಲಿ ಕೂತ ಮುದುಕನಂತೆ, ಆ ಮರವಿತ್ತು. ಅರ್ಧ ಒಳಗೆ ಟೊಳ್ಳು, ಒಂದು ಕೊಂಬೆ ಸಿಡಿಲಿಗೆ ಹೋಗಿತ್ತು. ತಲೆಗಿಂತ ಎತ್ತರದಲ್ಲಿದ್ದ ಕೊಂಡಿ ಮರಳು ತುಂಬಿ ಈಗ ಮೊಣಕಾಲ ಮಟ್ಟಕ್ಕೆ ಬಂದಿತ್ತು. ತೊಗಟೆ ಅದನ್ನು ನುಂಗಿ, ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಥೆಡ್‌ಫೋರ್ಡ್ ಮಂಡಿಯೂರಿ ಅದನ್ನು ಮುಟ್ಟಿದ. ಹುಡುಗನ ಹಾಗೆ ನಕ್ಕ.

"ಇಷ್ಟು ಸಾಕು. ಮರ ಬಲ್ಲವರೊಬ್ಬರನ್ನ ಕರ್ಕೊಂಡು ಹತ್ತನೇ ತಾರೀಖು ಬರ್ತೀನಿ. ಅವರು ಕೊರೆದು ವಯಸ್ಸು ಲೆಕ್ಕ ಹಾಕ್ತಾರೆ, ಫೋಟೋ ತೆಗೀತಾರೆ, ಪ್ರಮಾಣ ಮಾಡಿ ಹೇಳ್ತಾರೆ. ಅಲ್ಲೀವರೆಗೆ ಯಾರ ಹತ್ರನೂ ಬಾಯಿ ಬಿಡ್ಬೇಡಿ."

ಬಾಯಿ ಬಿಡಬಾರದೆಂದರೆ ಪರರ ಹತ್ತಿರ ಎಂದುಕೊಂಡಳು ವರ್ಡೀ. ಭಾನುವಾರ ಚರ್ಚು ಮುಗಿಸಿ ರ್‍ಯಾನ್ಸಮ್ ಒಬ್ಬನೇ ಊಟಕ್ಕೆ ಬಂದ. ಕರಿದ ಮೀನು, ಜೋಳದ ಹಿಟ್ಟಿನ ರೊಟ್ಟಿ, ಹಂದಿ ಮೂಳೆ ಹಾಕಿ ಬೇಯಿಸಿದ ಸೊಪ್ಪು. ಅವಳಿಗೆ ತಡೆಯಲಾಗಲಿಲ್ಲ.

"ರ್‍ಯಾನ್ಸಮ್, ನಮ್ಮ ಹೊಲ ವಾಪಸ್ ಬರುತ್ತೆ ಕಣೋ."

ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ. ಕೈ ನಿಂತಿತು.

ಅವಳು ಎಲ್ಲ ಹೇಳಿದಳು. ಕೊಂಡಿ, ವಕೀಲ, ಹತ್ತನೇ ತಾರೀಖು. "ಅರ್ಧ ನಿಂದು. ನಿನ್ ಮಕ್ಕಳು ಸ್ಟ್ರೋಥರ್ ಹತ್ತಿ ಬಿಡಿಸೋದು ತಪ್ಪುತ್ತೆ."

"ಸ್ಟ್ರೋಥರ್ ಸುಮ್ನೆ ಇರ್ತಾನಾ ಅಕ್ಕ?"

"ಕೋರ್ಟು ಹೇಳಿದ್ರೆ ಇರ್ಬೇಕು."

"ಕೋರ್ಟು ಯಾರದ್ದು?"

"ಹೆದರಿಕೊಂಡೇ ಸಾಯಿ ನೀನು. ಹುಟ್ಟಿದಾಗಿಂದ ಹಾಗೇ. ದೋಣೀಲೂ ನನ್ನ ಸೊಂಟ ಬಿಡ್ಲಿಲ್ಲ."

ತಮಾಷೆಗೆ ಅಂದದ್ದು. ಅವನು ನಗಲಿಲ್ಲ. ತಟ್ಟೆಯಲ್ಲಿ ಅರ್ಧ ಮೀನು ಬಿಟ್ಟು ಎದ್ದ. ಮೀನು ಬಿಡುವವನಲ್ಲ. ಅದನ್ನು ಅವಳು ಗಮನಿಸಿದಳು. ಆದರೆ ಆ ಸಂತೋಷದಲ್ಲಿ ಅದರ ಅರ್ಥ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಕಡ್ಡಿಯ ಸಿಪ್ಪೆ ತೆಗೆಯುತ್ತಿದ್ದಾಗ ಆಚೆ ದಡದಿಂದ ಗರಗಸದ ಸದ್ದು ಕೇಳಿತು. ಕಾಡು ಕಡಿಯುವ ಕೆಲಸ ಮೂಡಲ ತುದಿಯಿಂದ ಶುರುವಾಗಬೇಕಿತ್ತು. ಈ ಸದ್ದು ಅಲ್ಲಿಂದ ಬರುತ್ತಿರಲಿಲ್ಲ. ಆಮೇಲೆ ಒಂದು ಮರ ಬಿದ್ದ ಸದ್ದು. ಎಳೆಯ ಮರ ಬಿದ್ದರೆ ಚಟಚಟ ಎನ್ನುತ್ತದೆ. ಇದು ನೆಲವನ್ನೇ ಗುದ್ದಿದಂತಿತ್ತು. ಕೈಲಿದ್ದ ಚಾಕು ಬಿಸಾಡಿ ದೋಣಿಗೆ ಓಡಿದಳು.

ಅವಳು ಹೋಗಿ ಮುಟ್ಟುವಷ್ಟರಲ್ಲಿ ಕೊಂಬೆಗಳನ್ನು ಬಿಡಿಸಿ ಬುಡದ ಸುತ್ತ ಪೇರಿಸಿ ಬೆಂಕಿ ಹಾಕಿದ್ದರು. ಟೊಳ್ಳು ಬುಡ ಒಲೆಯ ಚಿಮಣಿಯಂತೆ ಉರಿಯನ್ನು ಎಳೆದುಕೊಳ್ಳುತ್ತಿತ್ತು. ರ್‍ಯಾನ್ಸಮ್ ಸ್ವಲ್ಪ ದೂರದಲ್ಲಿ ಒಂದು ದಿಮ್ಮಿಯ ಮೇಲೆ ಕೂತು ಗರಗಸದ ಹಲ್ಲಿಗೆ ಅರ ಹಾಕುತ್ತಿದ್ದ. ಮೂವರು ಕೂಲಿಯವರು ಅವಳನ್ನು ಕಂಡು ಮುಖ ತಿರುಗಿಸಿದರು.

"ಕಬ್ಬಿಣ ಇದ್ದ ತುಂಡು ಎಲ್ಲೋ?"

ಅವನು ತಲೆ ಎತ್ತಲಿಲ್ಲ. "ಹೊಳೆಗೆ ಹಾಕಿದ್ವಿ. ಮಿಲ್ಲಿನ ಗರಗಸಕ್ಕೆ ಸಿಕ್ರೆ ಹಾಳಾಗುತ್ತೆ."

"ಇಲ್ಲಿಂದ ಶುರು ಮಾಡು ಅಂತ ಯಾರು ಹೇಳಿದ್ರು?"

"ಸಾಹೇಬ್ರು."

"ಸಾಹೇಬ್ರಿಗೆ ಯಾರು ಹೇಳಿದ್ರು?"

ಅರದ ಸದ್ದು ನಿಂತಿತು. ಅವನು ಹಲ್ಲಿನ ಮೇಲಿನ ಪುಡಿಯನ್ನು ಊದಿದ. ಮತ್ತೆ ಅರ ಹಾಕತೊಡಗಿದ.

ವರ್ಡೀ ಕೂಗಾಡಲಿಲ್ಲ. ಕಾಲ ಬಳಿ ಬಿದ್ದಿದ್ದ ಒಂದು ಕೊಂಬೆ ಎತ್ತಿಕೊಂಡು ಅವನ ಬೆನ್ನಿಗೆ ಒಂದೇ ಒಂದು ಏಟು ಹಾಕಿದಳು. ನಲವತ್ತಮೂರು ವರ್ಷದ ಗಂಡಸು, ಎದ್ದು ತಡೆಯಬಹುದಿತ್ತು. ಕೂತೇ ಇದ್ದ. ಅವಳು ಕೊಂಬೆಯನ್ನು ಬೆಂಕಿಗೆ ಎಸೆದು ಹೊರಟಳು. ಬುಡ ಮೂರು ದಿನ ಉರಿಯಿತು.

ಥೆಡ್‌ಫೋರ್ಡ್ ಹತ್ತನೇ ತಾರೀಖು ಬಂದ, ಬೂದಿ ಕಂಡ. "ಆದ್ರೂ ದಾವೆ ಹೂಡೋಣ" ಎಂದ. ಅವನ ಕಾರಿನ ನಾಲ್ಕು ಚಕ್ರವನ್ನೂ ಯಾರೋ ಚರ್ಚಿನ ಎದುರೇ ಸೀಳಿದರು. ಅವನು ಬಸ್ಸಿನಲ್ಲಿ ಬರತೊಡಗಿದ. ನೆರೆಯನ್ನು ಕಂಡಿದ್ದ ಊರಿನ ಹಿರಿಯ ಹೋಸಿಯಾ ಸಾಕ್ಷಿ ಹೇಳುತ್ತೇನೆಂದು ಎದೆ ತಟ್ಟಿಕೊಂಡಿದ್ದ. ಸಾಕ್ಷಿ ಹೇಳಬೇಕಾದ ದಿನ ಬೆಳಿಗ್ಗೆ ಅವನಿಗೆ ಹೊಟ್ಟೆನೋವು ಬಂತು. ಉಳಿದವಳು ವರ್ಡೀ ಒಬ್ಬಳೇ. ಜೊತೆಗೆ, ಪ್ರಮಾಣ ಮಾಡಿಸಿದರೆ ಸುಳ್ಳು ಹೇಳಲಾರನೆಂದು ಥೆಡ್‌ಫೋರ್ಡ್ ಕರೆಸಿದ ರ್‍ಯಾನ್ಸಮ್.

ನಲವತ್ತೊಂಬತ್ತರ ವಸಂತ. ಕೋರ್ಟಿನಲ್ಲಿ ಕರಿಯರು ಮೇಲಿನ ಗ್ಯಾಲರಿಯಲ್ಲಿ, ಬಿಳಿಯರು ಕೆಳಗೆ. ವರ್ಡೀ ನೆರೆಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ನ್ಯಾಯಾಧೀಶ ಕಿವಿಗೊಟ್ಟು ಕೇಳುತ್ತಿದ್ದ. ಅಮ್ಮ ಕತ್ತೆ ಬಿಚ್ಚಲು ಹೋದದ್ದು ಹೇಳುವಾಗ ಕೆಳಗೆ ಕೂತ ಒಬ್ಬ ಬಿಳಿ ಹೆಂಗಸು ಕೂಡ ಕರವಸ್ತ್ರ ತೆಗೆದಳು. ಆಮೇಲೆ ಸ್ಟ್ರೋಥರ್‌ನ ವಕೀಲ ಎದ್ದ. ಜವಾನನೊಬ್ಬ ಒಂದು ವಿಲೋ ಕುರ್ಚಿ ತಂದು ನಡುವೆ ಇಟ್ಟ.

"ಇದನ್ನ ಮಾಡಿದ್ದು ಯಾರು ವರ್ಡೀ?"

"ನಾನೇ." ನಲವತ್ತರಲ್ಲಿ ಮಾಡಿದ ಕುರ್ಚಿ. ಎಡಗಾಲಿನ ಮೊಳೆ ಸಡಿಲವಾಗಿತ್ತು. ಇಷ್ಟರ ನಡುವೆಯೂ ಅದನ್ನು ಸರಿಮಾಡಲು ಅವಳ ಕೈ ತುರಿಸಿತು.

"ಸ್ಟ್ರೋಥರ್ ಅವರಿಗೆ ಇಂಥವು ಎಷ್ಟು ಕೊಟ್ಟಿದ್ದೀಯ?"

"ವರ್ಷಕ್ಕೆ ಎರಡು. ಹದಿನೇಳು ವರ್ಷ."

"ಪ್ರೀತಿಗೆ ಕೊಟ್ಯಾ?"

ಕೆಳಗೆ ನಗು.

"ಅಲ್ಲ."

"ಮತ್ತೆ ಯಾತಕ್ಕೆ?"

ಅವಳು ಥೆಡ್‌ಫೋರ್ಡ್‌ನ ಕಡೆ ನೋಡಿದಳು. ಅವನ ಮುಖದಲ್ಲಿ ಬಣ್ಣವಿರಲಿಲ್ಲ. ಕುರ್ಚಿಯ ವಿಷಯ ಅವಳು ಅವನಿಗೆ ಹೇಳಿಯೇ ಇರಲಿಲ್ಲ. ಅದು ಹೇಳುವಂಥ ವಿಷಯವೆಂದು ಅವಳಿಗೆ ಅನ್ನಿಸಿರಲಿಲ್ಲ.

"ಕಡ್ಡಿ ಕಡಿಯೋಕೆ ಬಿಡ್ತಿದ್ರು ಅಂತ."

"ಅಂದ್ರೆ ನೆಲ ಅವರದ್ದು ಅಂತ ಒಪ್ಕೊಂಡು, ಅವರ ಅಪ್ಪಣೆ ಕೇಳ್ಕೊಂಡು, ವರ್ಷ ವರ್ಷ ಬಾಡಿಗೆ ಕೊಟ್ಟಿದ್ದೀಯ."

"ಅವರ ಹತ್ರ ಬಂದೂಕಿತ್ತು" ಎಂದಳು ವರ್ಡೀ.

"ಅವರು ನಿನಗೆ ಗುರಿ ಇಟ್ರಾ?"

"ಇಲ್ಲ."

"ಬೈದ್ರಾ?"

"ನಕ್ರು."

ಅವನು ಕೂತುಕೊಂಡ. ಆಮೇಲೆ ರ್‍ಯಾನ್ಸಮ್‌ನನ್ನು ಕರೆದರು. ಬೈಬಲ್ಲಿನ ಮೇಲೆ ಕೈ ಇಟ್ಟ. ಥೆಡ್‌ಫೋರ್ಡ್ ಮೆಲ್ಲಗೆ ಕೇಳಿದ: ಆ ಮಧ್ಯಾಹ್ನ ನೀವು ದೋಣಿಯಲ್ಲಿದ್ದಿರಾ? ಹೊಳೆ ಹೇಗೆ ಬಂತು? ಆಮೇಲೆ ಆಚೆ ಕಡೆ ಏನು ನಿಂತಿತ್ತು?

"ನಂಗೆ ಎಂಟು ವರ್ಷ. ನೆನಪಿಲ್ಲ."

"ನಿಮ್ಮ ತಾಯಿ ಹೋದದ್ದು?"

"ನೆನಪಿಲ್ಲ."

ಗ್ಯಾಲರಿಯಲ್ಲಿ ಯಾರೋ "ಅಯ್ಯೋ ದೇವ್ರೆ" ಎಂದರು. ರ್‍ಯಾನ್ಸಮ್ ತನ್ನ ಟೊಪ್ಪಿಯ ಅಂಚನ್ನೇ ನೋಡುತ್ತಿದ್ದ. ವರ್ಡೀಗೆ ಮರ ಹೋದದ್ದಕ್ಕಿಂತ ಇದು ಹೆಚ್ಚು ಉರಿಯಿತು. ಅಮ್ಮ ಹೋದದ್ದನ್ನು ಕಂಡಿದ್ದ ಕಣ್ಣುಗಳು ಪ್ರಪಂಚದಲ್ಲಿ ಉಳಿದಿದ್ದದ್ದು ನಾಲ್ಕು. ಅದರಲ್ಲಿ ಎರಡು ಕಣ್ಣು ತಾನು ಕಂಡೇ ಇಲ್ಲ ಎಂದುಬಿಟ್ಟವು.

ತೀರ್ಪು ಒಂದೂವರೆ ಪುಟ. ಹೊಳೆ ಕ್ರಮೇಣವಾಗಿ ಸರಿಯಿತು, ನೆಲ ಸ್ಟ್ರೋಥರ್‌ನದು. ಥೆಡ್‌ಫೋರ್ಡ್ ಮೇಲಿನ ಕೋರ್ಟಿಗೆ ಹೋಗೋಣ ಎಂದ. "ಅಲ್ಲೂ ಕುರ್ಚಿ ತರ್ತಾರಪ್ಪ, ನೀನು ಮನೆಗೆ ಹೋಗು" ಎಂದು ವರ್ಡೀ ಅವನ ಕೈಗೆ ಹುರಿದ ಪೆಕಾನ್ ಬೀಜದ ಪೊಟ್ಟಣ ಕೊಟ್ಟು ಬಸ್ಸು ಹತ್ತಿಸಿದಳು.

ಎರಡು ಬೇಸಿಗೆಯಲ್ಲಿ ಆ ಕಾಡು ಪೂರ್ತಿ ಹೋಯಿತು. ಈಚೆ ದಡದಿಂದ ನೋಡಿದರೆ ಸ್ಟ್ರೋಥರ್‌ನ ಕಣಜದ ಮಾಡು ಕಾಣುವಷ್ಟು ಬಯಲು. ಕಡಿದ ಬುಡಗಳಿಂದ ಒಂದಷ್ಟು ಚಿಗುರಿತು, ಅದನ್ನು ದನ ಮೇಯ್ದವು. ಕಾಟನ್‌ವುಡ್ಡಿಗೂ ವಿಲೋಗೂ ಮತ್ತೆ ಹುಟ್ಟಲು ನೆರೆ ಬರಬೇಕು, ಹೊಸ ಮರಳು ಬೀಳಬೇಕು. ಅಷ್ಟರಲ್ಲಿ ಮೇಲೆಲ್ಲೋ ಅಣೆಕಟ್ಟು ಕಟ್ಟಿದರು, ಹೊಳೆ ಮಂಕಾಯಿತು. ಈಚೆ ದಡದಲ್ಲಿದ್ದ ವಿಲೋಗಳು ದಪ್ಪವಾಗಿ, ಗಂಟುಗಂಟಾಗಿ, ಬಗ್ಗದಂತಾದವು. ವರ್ಡೀ ಕುರ್ಚಿ ಬಿಟ್ಟು ಪೇಟೆಯ ಒಂದು ಬಿಳಿಯರ ಮನೆಯಲ್ಲಿ ಇಸ್ತ್ರಿಗೆ ಸೇರಿದಳು.

ಐವತ್ತಮೂರರಲ್ಲಿ ಸ್ಟ್ರೋಥರ್ ಹತ್ತಿ ಬಿಡಿಸುವ ಯಂತ್ರ ತಂದ. ಇನ್ನು ಆಳುಗಳು ಬೇಡ ಎಂದ. ರ್‍ಯಾನ್ಸಮ್‌ಗೆ ಎರಡು ವಾರ ಸಮಯ ಕೊಟ್ಟ, ಬೇರೆಯವರಿಗೆ ಒಂದೇ ವಾರ. ವಿಶೇಷವೆಂದರೆ ಅಷ್ಟೇ. ಮನೆಗೆ ಸರಪಳಿ ಹಾಕಿ ಟ್ರ್ಯಾಕ್ಟರಿನಲ್ಲಿ ಎಳೆದು ಬೀಳಿಸಿದರು. ಮಕ್ಕಳು ಹ್ಯೂಸ್ಟನ್ನಿನ ಬಂದರಿಗೆ ಕೂಲಿಗೆ ಹೋದರು, ತಾಯಿಯನ್ನೂ ಕರೆದುಕೊಂಡರು. ಅಪ್ಪನೂ ಹೋದ. ಆದರೆ ಅಲ್ಲಿನ ಒಂದೇ ಕೋಣೆಯಲ್ಲಿ ಏಳು ಜನರ ನಡುವೆ ಕೂತು ಕೂತು, ಒಂದು ವರ್ಷದಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದಮೇಲೆ, ಹಿರಿಯ ಮಗ ಅವನನ್ನು ಕಾರಿನಲ್ಲಿ ಹಾಕಿಕೊಂಡು ಬಂದು ವರ್ಡೀಯ ಅಂಗಳದಲ್ಲಿ ನಿಲ್ಲಿಸಿದ.

"ಅತ್ತೆ, ಅಪ್ಪ ಇಲ್ಲಿಗೇ ಬರ್ಬೇಕು ಅಂತಾರೆ."

ಐದು ವರ್ಷದಿಂದ ಅವಳು ತಮ್ಮನ ಜೊತೆ ಒಂದು ಮಾತು ಆಡಿರಲಿಲ್ಲ. ಕಾರಿನ ಕಿಟಕಿಯಲ್ಲಿ ಅವನ ಬಾಯಿ ಒಂದು ಕಡೆ ಸೊಟ್ಟಗಾಗಿ ಜೊಲ್ಲು ಸುರಿಯುತ್ತಿತ್ತು.

"ಒಳಗೆ ತಂದು ಮಲಗಿಸು" ಎಂದಳು.

ಮೂರು ವರ್ಷ ನೋಡಿಕೊಂಡಳು. ತೊಳೆದಳು, ಹೊರಳಿಸಿ ಮಲಗಿಸಿದಳು, ಜೋಳದ ಗಂಜಿಯನ್ನು ಚಮಚದಲ್ಲಿ ಕುಡಿಸಿದಳು. ಮೀನು ಮಾಡಿದ ದಿನ ಮುಳ್ಳು ತೆಗೆದು ಹಿಸುಕಿ ಕೊಟ್ಟಳು. ಮಾತು ಮಾತ್ರ ಇಲ್ಲ. "ಬಾಯಿ ತೆಗಿ", "ಆ ಕಡೆ ತಿರುಗು" ಇಷ್ಟೇ. ನೆರೆಯವರು ಬಂದರೆ ಅವರ ಜೊತೆ ಧಾರಾಳವಾಗಿ ಹರಟುತ್ತಿದ್ದಳು, ಅವನಿಗೆ ಕೇಳಲೆಂದೇ. ಅವರು ಹೋದ ಮೇಲೆ ಮನೆಯಲ್ಲಿ ಒಲೆಯ ಸದ್ದು ಮಾತ್ರ.

ಒಂದು ದಿನ ಬೆಳಿಗ್ಗೆ, ಅವಳು ಇಸ್ತ್ರಿ ಕೆಲಸಕ್ಕೆ ಹೊರಡುವ ಮುಂಚೆ ಅವನ ಗಡ್ಡ ಹೆರೆಯುತ್ತಿದ್ದಾಗ, ರ್‍ಯಾನ್ಸಮ್ ಬಲಗೈಯಿಂದ ಅವಳ ಮಣಿಕಟ್ಟು ಹಿಡಿದ. ಮಾತು ತೊದಲುತ್ತಿತ್ತು. ಆದರೆ ತಿಳಿಯುತ್ತಿತ್ತು.

"ಕೆಳಗಿನೂರಲ್ಲಿ ಟಾಲ್ಬರ್ಟ್ ಬಿಳಿಯರ ಮೇಲೆ ದಾವೆ ಹಾಕ್ದ. ಮನೆ ಸುಟ್ರು. ಒಳಗೆ ಮಕ್ಕಳಿದ್ರು. ನಂಗೆ ಐದು ಮಕ್ಕಳು ಅಕ್ಕ."

ಅವಳು ಕ್ಷೌರದ ಕತ್ತಿಯನ್ನು ನೀರಿಗೆ ಅದ್ದಿದಳು.

"ನಿಂಗೆ ಮಕ್ಕಳಿಲ್ಲ. ನಿಂಗೆ ಗೊತ್ತಾಗಲ್ಲ."

"ಬಾಯಿ ಮುಚ್ಚು. ಕತ್ತಿ ತಗುಲುತ್ತೆ."

"ನೀನು ಗೆದ್ದಿದ್ರೆ ನಮ್ಮೆಲ್ಲರನ್ನೂ ಸುಡ್ತಿದ್ರು."

"ಸುಟ್ಟಿದ್ರೆ ಬೂದಿಯಾದ್ರೂ ನಮ್ಮ ನೆಲದ ಮೇಲೆ ಬೀಳ್ತಿತ್ತು" ಎಂದಳು ವರ್ಡೀ. ಏಳು ವರ್ಷಕ್ಕೆ ಅವನೊಡನೆ ಆಡಿದ ಮೊದಲ ಪೂರ್ತಿ ಮಾತು ಅದು. ಆಡಿದ ಮೇಲೆ ನಿಲ್ಲಿಸಲಾಗಲಿಲ್ಲ. "ಹೆದರಿಕೆ ಆಯ್ತು ಅಂತಿದ್ದಿದ್ರೆ ನಾನೇ ವಕೀಲನ್ನ ವಾಪಸ್ ಕಳಿಸ್ತಿದ್ದೆನೋ ಏನೋ. ನನ್ನ ಮುಂದೆ ಒಂದು ಮಾತು ಆಡಿದ್ಯಾ? ಎದ್ದು ಸೀದಾ ಅವನ ಹತ್ರ ಹೋದೆ. ಮರ ಹೋಗ್ಲಿ. ಅಮ್ಮ ನೆನಪಿಲ್ಲ ಅಂದ್ಯಲ್ಲೋ. ಬೈಬಲ್ ಮೇಲೆ ಕೈ ಇಟ್ಟು, ಅಷ್ಟು ಜನರ ಮುಂದೆ."

ಅವನ ಒಳ್ಳೆಯ ಕಣ್ಣಿನಿಂದ ನೀರು ಇಳಿಯಿತು. ಕೆಟ್ಟ ಕಣ್ಣು ಸದಾ ಸುರಿಯುತ್ತಲೇ ಇರುತ್ತಿತ್ತು, ಅದಕ್ಕೆ ಲೆಕ್ಕವಿಲ್ಲ.

"ನೆನಪಿತ್ತು" ಎಂದ. "ನಗ್ತಾ ಹೋದ್ಲು."

ಅವಳು ಉಳಿದರ್ಧ ಗಡ್ಡ ಹೆರೆದು, ಮುಖ ಒರೆಸಿ, ಬಟ್ಟಲಿನ ನೀರನ್ನು ಹೊರಗೆ ಚೆಲ್ಲಿ ಕೆಲಸಕ್ಕೆ ಹೋದಳು. ಸಂಜೆ ಬಂದಾಗ ಮತ್ತೆ ಹಳೆಯ ಹಾಗೆಯೇ. ಬಾಯಿ ತೆಗಿ, ಆ ಕಡೆ ತಿರುಗು.

ಐವತ್ತೇಳರ ಮಾರ್ಚಿನಲ್ಲಿ ರ್‍ಯಾನ್ಸಮ್ ತೀರಿಕೊಂಡ. ಸ್ಟ್ರೋಥರ್ ಮನೆಯಿಂದ ಹೂವಿನ ಒಂದು ಬುಟ್ಟಿ ಬಂತು. ವರ್ಡೀ ಬುಟ್ಟಿ ತಂದ ಆಳಿಗೆ "ಮುಂದಿನ ಮನೇಲಿ ಕೊಡಪ್ಪ, ವಿಳಾಸ ತಪ್ಪಿದೆ" ಎಂದು ಬಾಗಿಲು ಹಾಕಿಕೊಂಡಳು. ಹ್ಯೂಸ್ಟನ್ನಿನಿಂದ ಮಕ್ಕಳೆಲ್ಲ ಬಂದರು, ಒಳ್ಳೆಯ ಸೂಟು ಹಾಕಿಕೊಂಡು. ಚರ್ಚಿನ ಹಿಂದೆ ಗಿಡಿಯನ್‌ನ ಪಕ್ಕದಲ್ಲಿ ಹೂತರು. ಗಿಡಿಯನ್‌ನ ಇನ್ನೊಂದು ಪಕ್ಕ ಖಾಲಿ. ಅಲ್ಲಿ ಕೋರಾಳ ಹೆಸರಿನ ಕಲ್ಲು ಮಾತ್ರ, ಕೆಳಗೆ ಯಾರೂ ಇಲ್ಲ.

ಮಣ್ಣು ಮುಗಿದ ಮೇಲೆ ಚರ್ಚಿನಲ್ಲಿ ಊಟ. ವರ್ಡೀ ದೊಡ್ಡ ಪಾತ್ರೆಯಲ್ಲಿ ಸೊಪ್ಪು ಬೇಯಿಸಿ ತಂದಿದ್ದಳು. ಎಲ್ಲ ಉಂಡು ಎದ್ದಾಗ ಪಾದ್ರಿಯ ಹೆಂಡತಿ ಅವಳ ಭುಜ ತಬ್ಬಿಕೊಂಡಳು.

"ನಿಮ್ಮದು ದೊಡ್ಡ ಮನಸ್ಸು ವರ್ಡೀ ಅಕ್ಕ. ಅಂಥವನನ್ನ ಕ್ಷಮಿಸಿ ಇಷ್ಟು ವರ್ಷ ನೋಡ್ಕೊಂಡ್ರಿ."

"ಕ್ಷಮಿಸ್ಲಿಲ್ಲಮ್ಮ" ಎಂದಳು ವರ್ಡೀ, ಪಾತ್ರೆಯ ತಳ ಕೆರೆಯುತ್ತ. "ಉಣ್ಣೋಕೆ ಹಾಕ್ದೆ. ಅಷ್ಟೇ."

ಪಾತ್ರೆಯನ್ನು ತೊಳೆದು, ಮಗ್ಗುಲಿಗೆ ಇರುಕಿಕೊಂಡು, ಹೊಳೆಯ ದಾರಿ ಬಿಟ್ಟು ರಸ್ತೆಯ ದಾರಿ ಹಿಡಿದು ಮನೆಗೆ ನಡೆದಳು.